ಅರುಣ ದೇಗುಲಕ್ಕೆ ಮೆತ್ತಿದ ಪಿಂಗಾಣಿ: ಇದರಲ್ಲಿ ಥಾಯ್ ಯಾವುದು, ಚೀನೀ ಯಾವುದು?

ತಟ್ಟೆ ಎಣಿಸಿದವಳು

ಕಳೆದ ತಿಂಗಳು ಅಮ್ಮನನ್ನು ಕರೆದುಕೊಂಡು ಬ್ಯಾಂಕಾಕಿಗೆ ಹೋಗಿ ಬಂದೆ. ಐದು ದಿನದ ಪ್ಯಾಕೇಜ್ ಪ್ರವಾಸ, ಒಂದೊಂದು ದೇಗುಲಕ್ಕೆ ನಲವತ್ತು ನಿಮಿಷ. ವಾಟ್ ಅರುಣ್‌ನಲ್ಲಿ ನಮ್ಮ ಗುಂಪಿನವರೆಲ್ಲ ಬಾಡಿಗೆಗೆ ಥಾಯ್ ಉಡುಪು ಉಟ್ಟು ಫೋಟೊ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿದ್ದರು. ನಾನು ಗೋಪುರದ ಬುಡದಲ್ಲಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದೆ. ನದಿಯ ಆಚೆ ದಡದಿಂದ ಕಲ್ಲಿನ ಕೆತ್ತನೆಯಂತೆ ಕಂಡದ್ದು ಹತ್ತಿರ ಹೋದರೆ ಊಟದ ತಟ್ಟೆ! ಹೂವಿನ ನಡುವೆ ಇಡೀ ಒಂದು ಸಾಸರ್, ಸುತ್ತ ದಳಗಳ ಜಾಗದಲ್ಲಿ ಬಟ್ಟಲಿನ ಚೂರುಗಳು. ಬಟ್ಟಲಿನ ಹೊಟ್ಟೆಗೆ ಒಂದು ಬಾಗು ಇರುತ್ತದಲ್ಲ, ಅದನ್ನೇ ದಳದ ಬಾಗಾಗಿ ಬಳಸಿಕೊಂಡಿದ್ದಾರೆ. ಒಂದು ಚೂರಿನ ಮೇಲೆ ಅರ್ಧ ಹಕ್ಕಿ ಇತ್ತು. ಉಳಿದರ್ಧ ಯಾವ ಹೂವಿನಲ್ಲಿದೆ ಎಂದು ಹುಡುಕುವಷ್ಟರಲ್ಲಿ ಗೈಡ್ ಕೂಗಿದ.

ಅಮ್ಮ ಹೇಳಿದ್ದು: "ಒಡೆದ ಪಾತ್ರೆ ಮನೆಯಲ್ಲಿ ಇಡಬಾರದು ಅನ್ನುತ್ತೇವೆ, ಇವರು ದೇವಸ್ಥಾನಕ್ಕೇ ಅಂಟಿಸಿದ್ದಾರಲ್ಲೇ!"

ಹೆಸರು ಸೂರ್ಯನ ಸಾರಥಿ ಅರುಣನದು, ಆಕಾರ ಕಾಂಬೋಡಿಯಾದ ಖಮೇರ್ ಜನರ ಗೋಪುರದ್ದು, ಮೈಮೇಲೆ ಚೀನೀ ತಟ್ಟೆ. ನದಿಯ ಎದುರು ದಡದ ವಾಟ್ ಫೋ ದೇಗುಲದಲ್ಲಿ ಬಾಗಿಲು ಕಾಯಲು ಕಲ್ಲಿನ ಚೀನೀ ಯೋಧರು. ಹಾಗಾದರೆ ಥಾಯ್ ಜನರದ್ದೇ ಎನ್ನುವುದು ಯಾವುದು? ತಿಳಿದವರು ಹೇಳಿ.

ಸುವರ್ಣಭೂಮಿ ವಾಸಿ

ಒಂಬತ್ತು ವರ್ಷದಿಂದ ಬ್ಯಾಂಕಾಕಿನಲ್ಲಿದ್ದೇನೆ, ಪ್ರತಿ ಭಾನುವಾರ ಒಂದು ದೇಗುಲ ಎಂಬ ಚಟ ಅಂಟಿದೆ. ನಿಮ್ಮ ತಾಯಿಯವರ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ.

ಈಗಿನ ಎತ್ತರಕ್ಕೆ ಆ ಗೋಪುರವನ್ನು ಏರಿಸುವ ಕೆಲಸ ಇಲ್ಲಿಯ ದೊರೆ ಎರಡನೇ ರಾಮನ ಕಾಲದಲ್ಲಿ ಶುರುವಾಗಿ ಅವನ ಮಗ ಮೂರನೇ ರಾಮನ ಆಳ್ವಿಕೆಯಲ್ಲಿ (1824–1851) ಮುಗಿಯಿತು. ಈ ಮೂರನೇ ರಾಮ ಪಟ್ಟಕ್ಕೆ ಬರುವ ಮೊದಲು ಚೀನಾದೊಂದಿಗಿನ ಹಡಗು ವ್ಯಾಪಾರ ನೋಡಿಕೊಳ್ಳುತ್ತಿದ್ದವನು. ಅಪ್ಪನೇ ಅವನನ್ನು "ಚಾವೊ ಸುವಾ" ಎಂದು ಕರೆಯುತ್ತಿದ್ದನಂತೆ. ನಮ್ಮ ಮಾತಿನಲ್ಲಿ "ಸಾಹುಕಾರ". ಸಯಾಮಿನಿಂದ (ಥಾಯ್ಲೆಂಡಿನ ಹಳೆಯ ಹೆಸರು) ಹೊರಡುವಾಗ ಹಡಗಿನ ತುಂಬ ಅಕ್ಕಿಯಂಥ ತೂಕದ ಸರಕು, ಬರುವಾಗ ರೇಷ್ಮೆಯಂಥ ಹಗುರ ಸರಕು. ಹಗುರ ಹಡಗು ಸಮುದ್ರದಲ್ಲಿ ಮಗುಚುತ್ತದೆ. ತಳಕ್ಕೆ ಭಾರ ಬೇಕು. ಆ ಭಾರವೇ ನೀವು ಕಂಡ ಕಲ್ಲಿನ ಯೋಧರು ಮತ್ತು ಪಿಂಗಾಣಿ. ಬಂದರಿಗೆ ಬಂದ ಮೇಲೆ ಬಿಸಾಡುವ ಬದಲು ದೇಗುಲಕ್ಕೆ ಹಚ್ಚಿದರು. ಅಷ್ಟು ದೊಡ್ಡ ಗೋಪುರವನ್ನು ಬಣ್ಣದಿಂದ ಮುಚ್ಚಿದ್ದರೆ ಇಲ್ಲಿಯ ಮಳೆಗೆ ನಾಲ್ಕು ವರ್ಷ ಬಾಳುತ್ತಿರಲಿಲ್ಲ. ಪಿಂಗಾಣಿಯನ್ನು ಮಳೆಯೇ ತೊಳೆಯುತ್ತದೆ.

2017ರಲ್ಲಿ ದೊಡ್ಡ ದುರಸ್ತಿ ಮುಗಿದಾಗ "ಬೆಳ್ಳಗೆ ಸುಣ್ಣ ಬಳಿದಿದ್ದಾರೆ, ಹಳೆಯ ಕಳೆ ಹೋಯಿತು" ಎಂದು ಊರೆಲ್ಲ ಗಲಾಟೆ. ನನಗೂ ಮೊದಲ ವರ್ಷ ಹಾಗೇ ಅನ್ನಿಸಿತ್ತು. ಈಗ ಪರವಾಗಿಲ್ಲ, ಕೊಳೆ ಹಿಡಿಯುತ್ತಿದೆ.

ನಿಮಗೆ ನಿಜವಾಗಿ ಆಸಕ್ತಿ ಇದ್ದರೆ ಮುಂದಿನ ಸಲ ಥೊನ್‌ಬುರಿ ಕಡೆಯ ವಾಟ್ ರಾಚಾ ಓರೊಟ್ ನೋಡಿ. ಥಾಯ್ ದೇಗುಲದ ಮಾಡಿನ ತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಮೇಲೆ ಚಾಚುವ "ಚೊ ಫಾ" ಇರುತ್ತದೆ, ಅಂಚಿನುದ್ದಕ್ಕೂ ನಾಗನ ಮೈ ಹರಿದಿರುತ್ತದೆ. ಮೂರನೇ ರಾಮ ಅಲ್ಲಿ ಅವೆರಡನ್ನೂ ಕೈಬಿಟ್ಟು, ಮುಂಭಾಗದ ತ್ರಿಕೋನವನ್ನೆಲ್ಲ ಪಿಂಗಾಣಿಯ ಹೂಬಳ್ಳಿಗಳಿಂದ ತುಂಬಿಸಿದ. ಥಾಯ್ ದೇಗುಲ, ಚೀನೀ ಟೋಪಿ. ವಾಟ್ ಯಾನ್ನಾವಾದಲ್ಲಂತೂ ಸ್ತೂಪದ ಪೀಠವನ್ನೇ ಚೀನೀ ಹಡಗಿನ ಆಕಾರದಲ್ಲಿ ಕಟ್ಟಿಸಿದ. ಹಾಯಿ ಹಡಗುಗಳು ಮರೆಯಾದ ಮೇಲೆ ಜನರಿಗೆ ಅವು ಹೇಗಿದ್ದವು ಎಂದು ಗೊತ್ತಾಗಲಿ ಎಂಬುದು ಅವನ ಆಸೆ.

ಗಂಡಭೇರುಂಡ

ಇಷ್ಟು ಸುತ್ತಿ ಬಳಸಿ ಹೇಳುವುದೇಕೆ? ಅರುಣ ನಮ್ಮವನು, ಐರಾವತ ನಮ್ಮದು, ರಾಜನ ಹೆಸರೇ ರಾಮ. ಮೊಂಡೊಪ್ ಎಂದರೆ ಮಂಟಪ, ಪ್ರಾಸಾತ್ ಎಂದರೆ ಪ್ರಾಸಾದ, ಚೇಡಿ ಎಂದರೆ ಚೈತ್ಯ, ವಿಹಾನ್ ಎಂದರೆ ವಿಹಾರ. ಎಲ್ಲ ಇಲ್ಲಿಂದ ಹೋದದ್ದು. ಚೀನಾದವರು ಕೊಟ್ಟದ್ದು ತಟ್ಟೆ ಮಾತ್ರ.

ಸುವರ್ಣಭೂಮಿ ವಾಸಿ

ಗಂಡಭೇರುಂಡ ಅವರೇ, ಪದಗಳ ಪಟ್ಟಿ ಸರಿಯಾಗಿಯೇ ಇದೆ. ಆದರೆ ಆ ಪದ ಹಿಡಿದು ಇಲ್ಲಿಗೆ ಬಂದು ಹುಡುಕಿದರೆ ದಾರಿ ತಪ್ಪುತ್ತೀರಿ, ನಾನು ತಪ್ಪಿದ್ದೇನೆ. ಮಂಟಪ ಎಂದರೆ ನಮಗೆ ನಾಲ್ಕು ಕಡೆ ತೆರೆದ, ಕಂಬಗಳ ಜಾಗ. ಇಲ್ಲಿಯ ಮೊಂಡೊಪ್ ಚೌಕಾಕಾರದ ಕೋಣೆ. ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣಗಾಗುತ್ತ ಹೋಗುವ ಚೂಪು ಶಿಖರ. ಒಳಗೆ ಬುದ್ಧನ ಪಾದದ ಗುರುತನ್ನೋ ಧರ್ಮಗ್ರಂಥವನ್ನೋ ಇಡುತ್ತಾರೆ. ಜನ ಕೂತು ಹರಟುವ ತೆರೆದ ಮಂಟಪಕ್ಕೆ ಇವರು ಹೇಳುವುದು "ಸಾಲಾ", ಅಂದರೆ ಶಾಲೆ! ಹೆಸರು ದೋಣಿ ಹತ್ತಿ ಬಂದಿತು, ಇಳಿದ ಮೇಲೆ ಬೇರೆ ಮನೆಗೆ ಸೊಸೆಯಾಯಿತು. ನಡುವೆ ಖಮೇರರು, ಮೋನರು, ಸಿಂಹಳದ ಭಿಕ್ಷುಗಳು ಎಲ್ಲರೂ ಕೈ ಆಡಿಸಿದ್ದಾರೆ. ಚೊ ಫಾದಂಥದ್ದು ನಮ್ಮಲ್ಲಿ ಯಾವ ಗುಡಿಯಲ್ಲಿದೆ, ತೋರಿಸಿ ನೋಡೋಣ.

ಮಲೆನಾಡ ಉಳಿ

ನಾನು ಮರಗೆಲಸದವನು. ತೀರ್ಥಹಳ್ಳಿ ಕಡೆ ಹಳೆಯ ಮನೆಗಳನ್ನು ಬಿಚ್ಚಿ, ಪಟ್ಟಣದಲ್ಲಿ ಮತ್ತೆ ಕಟ್ಟಿಕೊಡುವುದು ನಮ್ಮ ಕಸುಬು. ಅಪ್ಪನಿಂದ ಬಂದದ್ದು. ದೇಗುಲದ ವಿಚಾರ ನೀವು ಮಾತಾಡಿ, ನಾನು ಮಾಡಿನ ವಿಚಾರ ಹೇಳುತ್ತೇನೆ.

ಚೀನೀಯರ ಕಟ್ಟಡದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು "ದೌಗೊಂಗ್". ಕಂಬದ ತಲೆಯ ಮೇಲೆ ಒಂದು ಮರದ ದಿಮ್ಮಿ, ಅದರಲ್ಲಿ ಕೊರೆದ ಕಚ್ಚಿನಲ್ಲಿ ಕೂರುವ ಬಿಲ್ಲಿನಂಥ ತೋಳು, ತೋಳಿನ ತುದಿಗಳಲ್ಲಿ ಮತ್ತೆ ಸಣ್ಣ ದಿಮ್ಮಿ, ಅದರ ಮೇಲೆ ಇನ್ನೂ ಉದ್ದದ ತೋಳು. ಹೀಗೆ ಒಂದರ ಮೇಲೊಂದು ಕೂರಿಸುತ್ತ ಹೋದರೆ ಕಂಬದಿಂದ ಎಷ್ಟೋ ಅಡಿ ಹೊರಗೆ ಸೂರು ಚಾಚುತ್ತದೆ. ನಮ್ಮ ಬೋದಿಗೆಯೂ ಇದೇ ಕೆಲಸ ಮಾಡುತ್ತದೆ, ಆದರೆ ಒಂದೇ ಹಂತ. ಅವರು ಅದನ್ನು ಮರದ ಕೊಂಬೆಯ ಹಾಗೆ ಕವಲೊಡೆಸಿದ್ದಾರೆ. ಮಾಡಿನ ಭಾರ ತೋಳಿನಿಂದ ತೋಳಿಗೆ ಇಳಿದು ಕಂಬ ಸೇರುತ್ತದೆ. ನೆಲ ನಡುಗಿದಾಗ ಈ ಜೋಡಣೆಗಳು ತುಸು ಅಲ್ಲಾಡಿ ಮತ್ತೆ ತಮ್ಮ ಜಾಗಕ್ಕೆ ಬರುತ್ತವೆ. ಶಾಂಶಿ ಪ್ರಾಂತ್ಯದ ಯಿಂಗ್‌ಶಿಯಾನ್ ಮರದ ಪಗೋಡ 1056ರದು, ಎತ್ತರ 67 ಮೀಟರ್. ಅದರಲ್ಲಿ 50ಕ್ಕೂ ಹೆಚ್ಚು ಬಗೆಯ ದೌಗೊಂಗ್ ಇವೆ. ಈಗ ಎರಡನೇ ಅಂತಸ್ತು ಸ್ವಲ್ಪ ವಾಲಿದೆಯಂತೆ. ಒಂಬೈನೂರು ದಾಟಿದ ಮೇಲೆ ನಾವೂ ವಾಲುತ್ತೇವೆ.

ಇನ್ನೊಂದು ವಿಷಯ. 1103ರಲ್ಲಿ ಸೋಂಗ್ ಅರಸರ ಸರ್ಕಾರ ಕಟ್ಟಡದ ನಿಯಮಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿತು, "ಯಿಂಗ್‌ಜಾವೊ ಫಾಶಿ" ಎಂದು. ಬರೆದವನು ಲಿ ಜಿಯೆ ಎಂಬ ಅಧಿಕಾರಿ. ಗುತ್ತಿಗೆದಾರರು ಮರ ಕದಿಯಬಾರದು, ಕೂಲಿಯ ಲೆಕ್ಕ ಏರಿಸಬಾರದು ಎಂಬುದೂ ಅದರ ಉದ್ದೇಶ. ಆ ಕಾಲಕ್ಕೂ ಅದೇ ಗೋಳು! ಅದರಲ್ಲಿ ಮರದ ಅಳತೆ ಎಂಟು ದರ್ಜೆ. ಅರಮನೆಗೆ ಮೊದಲ ದರ್ಜೆ, ಸಣ್ಣ ಮಂಟಪಕ್ಕೆ ಕೊನೆಯದು. ಆದರೆ ಯಾವ ದರ್ಜೆಯಾದರೂ ತುಂಡಿನ ಎತ್ತರ 15 ಭಾಗ, ಅಗಲ 10 ಭಾಗ. ಮೂರಕ್ಕೆ ಎರಡು. ಕಟ್ಟಡದ ದರ್ಜೆ ಗೊತ್ತಾದರೆ ಉಳಿದ ಅಳತೆಗಳೆಲ್ಲ ಅದರ ಹಿಂದೆಯೇ ಬರುತ್ತವೆ, ಪ್ರತಿಯೊಂದಕ್ಕೂ ನಕ್ಷೆ ಬೇಡ.

ಥಾಯ್ ಕೆಲಸ ಬೇರೆ ದಾರಿ. ಸೂರಿನ ಭಾರಕ್ಕೆ ಗೋಡೆಯಿಂದ ಓರೆಯಾಗಿ ಒಂದೇ ಒಂದು ಊರುಗೋಲು, ಹೆಸರು "ಖನ್ ಥುವಾಯ್", ಬಹಳ ಕಡೆ ನಾಗನ ಆಕಾರದಲ್ಲಿ ಕಡೆದದ್ದು. ಅವರ ಹಳೆಯ ತೇಗದ ಮನೆ ಇನ್ನೂ ಚಂದ. ಕಂಬಗಳ ಮೇಲೆ ಎತ್ತಿ ಕಟ್ಟಿದ ಮನೆ, ಕಂಬವೂ ಗೋಡೆಯೂ ಒಳಮುಖವಾಗಿ ತುಸು ವಾಲಿರುತ್ತವೆ. ಗೋಡೆಯ ಹಲಗೆಗಳನ್ನು ನೆಲದ ಮೇಲೆಯೇ ಪೂರ್ತಿ ಜೋಡಿಸಿಕೊಂಡು, ಎತ್ತಿ ಚೌಕಟ್ಟಿಗೆ ನಿಲ್ಲಿಸುತ್ತಾರೆ. ಗೂಟ ಕಿತ್ತರೆ ಮನೆ ಬಿಚ್ಚಿಕೊಳ್ಳುತ್ತದೆ, ದೋಣಿಯಲ್ಲಿ ಹೇರಿಕೊಂಡು ಬೇರೆ ಊರಿಗೆ ಹೋಗಬಹುದು.

ಸುವರ್ಣಭೂಮಿ ವಾಸಿ

ಉಳಿ ಅವರೇ, ನೀವು ಬ್ಯಾಂಕಾಕಿಗೆ ಬಂದರೆ ಜಿಮ್ ಥಾಂಪ್ಸನ್ ಮನೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ರೇಷ್ಮೆ ವ್ಯಾಪಾರದ ಆ ಅಮೆರಿಕನ್ ಆರು ಹಳೆಯ ತೇಗದ ಮನೆಗಳನ್ನು ಬೇರೆ ಬೇರೆ ಕಡೆಯಿಂದ ಬಿಚ್ಚಿ ತಂದು 1959ರಲ್ಲಿ ಒಂದು ಮನೆಯಾಗಿ ಕಟ್ಟಿಸಿದ. ಕೆಲವು ಗೋಡೆಗಳನ್ನು ತಿರುಗಿಸಿ ನಿಲ್ಲಿಸಿದ್ದಾನೆ, ಹೊರಗಿನ ಕೆತ್ತನೆ ಒಳಗೆ ಬರಲಿ ಎಂದು. 1967ರಲ್ಲಿ ಮಲೇಷ್ಯಾದ ಬೆಟ್ಟದಲ್ಲಿ ನಡೆಯಲು ಹೋದವನು ಮರಳಲೇ ಇಲ್ಲ.

ಮಲೆನಾಡ ಉಳಿ

ಗೋಡೆ ತಿರುಗಿಸುವುದು ನಾವೂ ಮಾಡಿದ್ದೇವೆ, ಗಿರಾಕಿ ಹಟ ಹಿಡಿದಾಗ. ಅಪ್ಪನಿಗೆ ಇಷ್ಟವಾಗಿರಲಿಲ್ಲ.

ಕಡಲ ಕರೆಯವ

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮಾಡೂ ಚೀನೀ ಶೈಲಿ ಎಂದು ಎಲ್ಲೋ ಓದಿದ ನೆನಪು. ಹೌದೇ?

ಮಲೆನಾಡ ಉಳಿ

ನೇಪಾಳ ಎನ್ನುವವರಿದ್ದಾರೆ, ಚೀನಾ ಎನ್ನುವವರಿದ್ದಾರೆ. ನಾನು ಮಳೆ ಎನ್ನುತ್ತೇನೆ. ವರ್ಷಕ್ಕೆ ನಾಲ್ಕು ತಿಂಗಳು ಸುರಿಯುವ ಊರಿನಲ್ಲಿ ಇಳಿಜಾರು ಮಾಡು ಹಾಕಲು ಚೀನಾದಿಂದ ಯಾರೂ ಬಂದು ಕಲಿಸಬೇಕಿಲ್ಲ.

ಕೊಂಡಿ ಕೈ

ಉಡುಪಿನ ವಿಷಯಕ್ಕೆ ಬನ್ನಿ, ಆಗಿನಿಂದ ಕಾಯುತ್ತಿದ್ದೇನೆ. ಇಳಕಲ್ಲಿನವಳು, ಮನೆಯಲ್ಲಿ ಮಗ್ಗ ಇದೆ.

ತಟ್ಟೆ ಅಕ್ಕ ಹೇಳಿದ ಬಾಡಿಗೆ ಉಡುಪು ಅಂಗಡಿಗಳಲ್ಲಿ ಸಿಗುವುದು ಹೆಚ್ಚಿನಂಶ ಪಾಲಿಯೆಸ್ಟರ್, ಅದನ್ನು ನೋಡಿ ಥಾಯ್ ನೇಯ್ಗೆಯನ್ನು ಅಳೆಯಬೇಡಿ. ಅಸಲಿ ವಿದ್ಯೆ ಇರುವುದು ಈಶಾನ್ಯದ ಇಸಾನ್ ಸೀಮೆಯ ಮಡ್‌ಮೀಯಲ್ಲಿ. ನೂಲಿಗೆ ಬಣ್ಣ ಹಾಕುವುದು ನೇಯುವ ಮೊದಲೇ. ಹೊಕ್ಕಿನ (ಅಡ್ಡಕ್ಕೆ ನೇಯುವ) ನೂಲನ್ನು ಬಟ್ಟೆಯ ಅಗಲದಷ್ಟೇ ಇರುವ ಚೌಕಟ್ಟಿಗೆ ಸುತ್ತಿ, ಬಣ್ಣ ತಾಗಬಾರದ ಕಡೆ ದಾರದಿಂದ ಬಿಗಿಯಾಗಿ ಕಟ್ಟುತ್ತಾರೆ. ಅದ್ದಿ ತೆಗೆದು, ಕೆಲವು ಗಂಟು ಬಿಚ್ಚಿ, ಬೇರೆ ಕಡೆ ಕಟ್ಟಿ, ಮತ್ತೆ ಅದ್ದುತ್ತಾರೆ. ನೇಯುವಾಗ ಒಂದು ಎಳೆ ಅರ್ಧ ಗೋಧಿಕಾಳಿನಷ್ಟು ಆಚೀಚೆ ಆದರೂ ಚಿತ್ತಾರ ಮುರಿಯುತ್ತದೆ. ಚಿತ್ತಾರದ ಅಂಚು ಎಷ್ಟೇ ಪಳಗಿದ ಕೈಯಲ್ಲಿಯೂ ತುಸು ಮಂಜಾಗಿ ಕಾಣುತ್ತದೆ. ಆ ಮಂಜೇ ಅಚ್ಚು ಹಾಕಿದ ಬಟ್ಟೆಗೂ ಇದಕ್ಕೂ ಇರುವ ವ್ಯತ್ಯಾಸ. ನಮ್ಮ ಇಳಕಲ್ ಸೀರೆಯದು ಬೇರೆ ಕಷ್ಟ: ಮೈಯ ಹಾಸು (ಉದ್ದದ) ನೂಲಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಬೇಕು. ಬೆರಳಿನ ತುದಿ ಒರಟಾಗಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ ಎಂದು ಕೊಂಡಿ ಹಾಕುವ ದಿನ ನನ್ನ ಅತ್ತೆ ಪಾತ್ರೆ ತಿಕ್ಕಲು ಬಿಡುತ್ತಿರಲಿಲ್ಲ.

ರೇಷ್ಮೆಗೂ ಒಂದು ಮಾತು. ಥಾಯ್ ನಾಟಿ ಹುಳುವಿನ ಗೂಡು ಹಳದಿ. ನಮ್ಮ ಮೈಸೂರು ತಳಿಯ ಗೂಡೂ ಹಸಿರು ಮಿಶ್ರಿತ ಹಳದಿಯೇ. ಎರಡೂ ವರ್ಷದಲ್ಲಿ ಹಲವು ಬೆಳೆ ಕೊಡುವ ಬಿಸಿನಾಡಿನ ಹುಳು. ಚೀನಾದ ಬಿಳಿ ಗೂಡಿನ ಎಳೆ ಇವಕ್ಕಿಂತ ಬಹಳ ಉದ್ದ, ನಯ. ಥಾಯ್ ರೇಷ್ಮೆಯಲ್ಲಿ ಅಲ್ಲಲ್ಲಿ ದಪ್ಪ ಎಳೆ ಕೈಗೆ ಹತ್ತುತ್ತದೆ. ನನಗೆ ಅದೇ ಇಷ್ಟ.

ತಟ್ಟೆ ಎಣಿಸಿದವಳು

ಬಾಡಿಗೆ ಉಡುಪಿನಲ್ಲಿ ಗಂಡಸರಿಗೆ ಕೊಟ್ಟದ್ದು ನಮ್ಮ ಕಚ್ಚೆ ಪಂಚೆಯ ಹಾಗೆಯೇ ಇತ್ತು. ನಮ್ಮ ಗುಂಪಿನ ಹಿರಿಯರೊಬ್ಬರು "ಇದನ್ನು ನನಗೆ ಉಡಿಸಲು ಬರುತ್ತೀಯಾ" ಎಂದು ಅಂಗಡಿಯ ಹುಡುಗಿಯನ್ನು ದೂರ ನಿಲ್ಲಿಸಿ ತಾವೇ ಉಟ್ಟುಕೊಂಡರು. ಅವಳು ನಕ್ಕು ಪೂರ್ತಿ ಬಿಚ್ಚಿಸಿ ಮತ್ತೆ ಉಡಿಸಿದಳು!

ಇತಿಹಾಸದ ಹುಚ್ಚ

ಅವಳದು ತಪ್ಪಲ್ಲ. ಅದು "ಚೋಂಗ್ ಕ್ರಬೇನ್". ನಾವು ನೆರಿಗೆ ಹಿಡಿದು ಹಿಂದಕ್ಕೆ ಸಿಕ್ಕಿಸುತ್ತೇವೆ. ಅವರು ಬಟ್ಟೆಯ ಎರಡೂ ತುದಿಗಳನ್ನು ಸೇರಿಸಿ ಹಗ್ಗದ ಹಾಗೆ ಸುರುಳಿ ಸುತ್ತಿ, ಕಾಲಿನ ನಡುವೆ ತಂದು ಬೆನ್ನಿಗೆ ಸಿಕ್ಕಿಸುತ್ತಾರೆ. ಹಿಂದೆ ಹೆಂಗಸರೂ ಗಂಡಸರೂ ಉಡುತ್ತಿದ್ದರು.

ಇದಕ್ಕೆ ಭಾರತದ ನಿಜವಾದ ನಂಟು ಬೇರೆಡೆ ಇದೆ, ಗಂಡಭೇರುಂಡ ಅವರು ಬರೆದುಕೊಳ್ಳಲಿ. ಐದನೇ ರಾಮ 1872ರಲ್ಲಿ ಭಾರತಕ್ಕೆ ಬಂದಾಗ ಕೋಲ್ಕತ್ತದಲ್ಲಿ ಐದು ಗುಂಡಿಯ, ಮುಚ್ಚಿದ ಕೊರಳಿನ ಬಿಳಿ ಕೋಟು ಹೊಲಿಸಿಕೊಂಡ. ಚೋಂಗ್ ಕ್ರಬೇನ್ ಮೇಲೆ ಅದನ್ನು ತೊಟ್ಟು ಹೊಸ ಆಸ್ಥಾನದ ಉಡುಪು ಮಾಡಿದರು. ಹೆಸರು "ರಾಚಾ ಪಟೇನ್", ಅಂದರೆ ರಾಜ ಪ್ಯಾಟರ್ನ್. ಅದಕ್ಕೂ ಹಿಂದೆ ಹಳೆಯ ರಾಜಧಾನಿ ಅಯುತ್ಥಯದ ಅರಸರಿಗೆ ಬೇಕಾದ ಚಿತ್ತಾರವನ್ನು ಕೋರಮಂಡಲ ಕರಾವಳಿಯ ಕಲಂಕಾರಿಯವರು ಬರೆದು ಕಳಿಸುತ್ತಿದ್ದರು. ಚಿತ್ತಾರ ಅವರದು, ಕೈ ನಮ್ಮವರದು.

ಆಮೇಲೆ ಫಿಬುನ್ ಸೊಂಗ್‌ಖ್ರಾಮ್ ಪ್ರಧಾನಿಯಾಗಿದ್ದಾಗ, 1939ರಿಂದ 1942ರ ನಡುವೆ, ಸಾಂಸ್ಕೃತಿಕ ಆದೇಶಗಳು ಬಂದವು. ಟೋಪಿ ಹಾಕಿ, ಷೂ ಹಾಕಿ, ಚೋಂಗ್ ಕ್ರಬೇನ್ ಬಿಡಿ. ಇಪ್ಪತ್ತು ವರ್ಷದ ನಂತರ, 1960ರಲ್ಲಿ, ರಾಣಿ ಸಿರಿಕಿತ್ ಅಮೆರಿಕ ಮತ್ತು ಯೂರೋಪ್ ಪ್ರವಾಸಕ್ಕೆ ಹೊರಟಾಗ ಉಡಲು "ರಾಷ್ಟ್ರೀಯ ಉಡುಪು" ಎಂಬುದೇ ಇರಲಿಲ್ಲ. ಹಳೆಯ ಅರಮನೆಯ ಫೋಟೊಗಳನ್ನು ನೋಡಿ ಹೊಸದಾಗಿ ರೂಪಿಸಿದರು. ಅದೇ ಮುಂದೆ ಎಂಟು ಬಗೆಯಾಯಿತು. ಪ್ರವಾಸಿಗರು ಪುರಾತನ ಎಂದುಕೊಂಡು ಉಡುವುದರಲ್ಲಿ ಕೆಲವು, ತಟ್ಟೆ ಎಣಿಸಿದವರ ತಾಯಿಯವರಿಗಿಂತ ವಯಸ್ಸಿನಲ್ಲಿ ಚಿಕ್ಕವು.

ತಟ್ಟೆ ಎಣಿಸಿದವಳು

ಅಮ್ಮನಿಗೆ ಓದಿ ಹೇಳಿದೆ. ಬಹಳ ಖುಷಿಯಾದಂತಿಲ್ಲ.

ವುಹಾನಿನಲ್ಲಿ ಓದಿದವ

ಚೀನಾದ ಕಥೆಯೂ ಹೀಗೆಯೇ. ಆರು ವರ್ಷ ಅಲ್ಲಿ ವೈದ್ಯಕೀಯ ಓದಿದೆ. ಎಲ್ಲರೂ ಚೀನೀ ಉಡುಪು ಎಂದರೆ ಮೈಗಂಟುವ, ಎತ್ತರದ ಕೊರಳಿನ ಚಿಪಾವೊ ಎನ್ನುತ್ತಾರೆ. ಅದು ಹಾಗೆ ರೂಪುಗೊಂಡದ್ದು 1920ರ ದಶಕದಲ್ಲಿ, ಮೆರೆದದ್ದು ಶಾಂಘೈನಲ್ಲಿ. ಹೆಸರಿನಲ್ಲೇ ಮಂಚು ಜನರ ಗುರುತಿದೆ. ಚೀನಾದ ಬಹುಸಂಖ್ಯಾತ ಹಾನ್ ಜನರ ಹಳೆಯ ಉಡುಪು ಅಡ್ಡ ಕೊರಳಿನ ಸಡಿಲ ಅಂಗಿ. ಮಂಚು ಅರಸರು 1645ರಲ್ಲಿ ತಲೆಯ ಮುಂಭಾಗ ಬೋಳಿಸಿ ಜಡೆ ಬಿಡಬೇಕೆಂದು ಆಜ್ಞೆ ಹೊರಡಿಸಿದರು, ಒಪ್ಪದವರ ತಲೆ ಹೋಯಿತು. ಅದರ ಜೊತೆ ಗಂಡಸರ ಹಳೆಯ ಉಡುಪೂ ಹೋಯಿತು. ಈಗಿನ ಹುಡುಗ ಹುಡುಗಿಯರು 2003ರ ಆಸುಪಾಸಿನಿಂದ ಅದನ್ನು "ಹಾನ್‌ಫು" ಎಂದು ಮತ್ತೆ ತೊಡುತ್ತಿದ್ದಾರೆ. ನನ್ನ ತರಗತಿಯ ಹುಡುಗಿಯೊಬ್ಬಳು ಕುದುರೆಮುಖದ ಲಂಗ ಉಟ್ಟು ಬರುತ್ತಿದ್ದಳು. (ಹೆಸರು ಹಾಗೆ! ಮುಂದೆ ನೆರಿಗೆಯಿಲ್ಲದ ಚಪ್ಪಟೆ ಭಾಗ, ಎರಡು ಬದಿಗೆ ನೆರಿಗೆ. ನಮ್ಮ ಕುದುರೆಮುಖಕ್ಕೂ ಇದಕ್ಕೂ ಸಂಬಂಧವಿಲ್ಲ.)

ವಸಂತೋತ್ಸವಕ್ಕೆ ಗೆಳೆಯನೊಬ್ಬ ನನಗೂ ಒಂದು ಹಾನ್‌ಫು ಕೊಟ್ಟ. ಕನ್ನಡಿ ನೋಡಿಕೊಂಡು ಉಟ್ಟೆ, ಕೆಳಗಿಳಿದೆ. ಅವನ ಅಜ್ಜಿ ನನ್ನನ್ನು ನೋಡಿ ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ಮೇಲಿಟ್ಟು, ಎದ್ದು ಬಂದು, ಒಂದೂ ಮಾತಾಡದೆ ನನ್ನ ಸೊಂಟದ ಪಟ್ಟಿ ಬಿಚ್ಚಿದರು. ಎಡಭಾಗದ ಸೆರಗು ಮೇಲೆ ಬರಬೇಕು, ನೋಡುವವರಿಗೆ ಕೊರಳು ಇಂಗ್ಲಿಷಿನ ವೈ ಅಕ್ಷರದಂತೆ ಕಾಣಬೇಕು. ನಾನು ಬಲಭಾಗವನ್ನು ಮೇಲೆ ತಂದಿದ್ದೆ. ಹೆಣಕ್ಕೆ ಉಡಿಸುವುದು ಹಾಗೆ! ಹೊಸ ವರ್ಷದ ದಿನ!

ಕೊಂಡಿ ಕೈ

ಅಯ್ಯೋ ತಮ್ಮಾ! ಆ ಅಜ್ಜಿಯ ಜೀವ ಏನಾಗಿರಬೇಡ.

ಬಣ್ಣದ ವೇಷ

ಯಕ್ಷಗಾನದ ತೆಂಕುತಿಟ್ಟಿನಲ್ಲಿ ಹತ್ತು ವರ್ಷ ತಿರುಗಾಟ ಮಾಡಿದ್ದೇನೆ. ಕಲೆಯ ಮಾತು ಯಾರೂ ಎತ್ತಲಿಲ್ಲ, ಆದ್ದರಿಂದ ನಾನೇ ಎತ್ತುತ್ತೇನೆ. ಒಂದು ತಂಡದೊಂದಿಗೆ ಬ್ಯಾಂಕಾಕಿಗೆ ಹೋದಾಗ "ಖೋನ್" ಆಟದ ಚೌಕಿಯೊಳಗೆ ಒಮ್ಮೆ ಕಾಲಿಡಲು ಸಿಕ್ಕಿತು. ಆಡುವುದು ರಾಮಾಯಣ, ಅವರ ಬಾಯಲ್ಲಿ ರಾಮಕಿಯೆನ್. ರಾವಣನ ಹೆಸರು ತೊತ್ಸಕನ್, ಅಂದರೆ ದಶಕಂಠ. ರಾಮನ ಬಣ್ಣ ಹಸಿರು, ಲಕ್ಷ್ಮಣ ಹೊನ್ನು, ಹನುಮಂತ ಬಿಳಿ. ಅವರ ಹನುಮಂತ ಬ್ರಹ್ಮಚಾರಿಯಲ್ಲ ಎಂದು ತಿಳಿದಾಗ ನಮ್ಮ ಭಾಗವತರು ಅರ್ಧ ಗಂಟೆ ಮಾತು ಬಿಟ್ಟರು. ರಾವಣನ ಮಗಳಾದ ಮತ್ಸ್ಯಕನ್ಯೆಯನ್ನೇ ಒಲಿಸಿಕೊಳ್ಳುತ್ತಾನೆ!

ರಾಕ್ಷಸರಿಗೆ, ಕಪಿಗಳಿಗೆ ತಲೆ ಪೂರ್ತಿ ಮುಚ್ಚುವ ಮುಖವಾಡ. ಅಚ್ಚಿನ ಮೇಲೆ ಪದರ ಪದರವಾಗಿ ಕಾಗದ ಅಂಟಿಸಿ, ಒಣಗಿದ ಮೇಲೆ ಹಿಂದಿನಿಂದ ಸೀಳಿ ತೆಗೆದು, ಹೊಲಿದು, ಅರಗು ಬಣ್ಣ ಚಿನ್ನದ ರೇಕು ಹಚ್ಚುತ್ತಾರೆ. ಒಳಗಿದ್ದವನು ಮಾತಾಡಲಾರ. ಬದಿಯಲ್ಲಿ ಕುಳಿತವರು ಮಾತು ಹೇಳುತ್ತಾರೆ, ಇವನು ಮೈಯಿಂದ ಉತ್ತರ ಕೊಡಬೇಕು. ಅರ್ಥಗಾರಿಕೆಯಿಂದ ಹೊಟ್ಟೆ ಹೊರೆಯುವ ನಮಗೆ ಅದು ಶಿಕ್ಷೆಯ ಹಾಗೆ ಕಂಡಿತು. ಇನ್ನೂ ಒಂದು. ನಾವು ವೇಷ ಕಟ್ಟುತ್ತೇವೆ, ಹಗ್ಗ ಬಿಗಿಯುತ್ತೇವೆ. ಅವರು ವೇಷವನ್ನು ಮೈಮೇಲೆ ಹೊಲಿಯುತ್ತಾರೆ! ಸೂಜಿ ದಾರ ಹಿಡಿದ ಮುದುಕಿಯೊಬ್ಬಳು ಹುಡುಗನ ತೋಳಿನ ಜರಿಬಟ್ಟೆಯನ್ನು ಚರ್ಮಕ್ಕೆ ಅಂಟುವಂತೆ ಎಳೆದೆಳೆದು ಹೊಲಿಗೆ ಹಾಕುತ್ತಿದ್ದಳು. ಮಧ್ಯದಲ್ಲಿ ಬಾಯಾರಿಕೆಯಾದರೆ, ಇನ್ನೊಂದಾದರೆ ಏನು ಗತಿ ಎಂದು ಸನ್ನೆಯಲ್ಲಿ ಕೇಳಿದೆ. ಹುಡುಗ ತಲೆ ಅಡ್ಡ ಆಡಿಸಿ ನಕ್ಕ.

ಯುನೆಸ್ಕೊ ಪಟ್ಟಿಗೆ ಖೋನ್ ಸೇರಿದ್ದು 2018ರಲ್ಲಿ. ಅದೇ ವರ್ಷ ಕಾಂಬೋಡಿಯಾದ ಲಖೋನ್ ಖೋಲ್ ಕೂಡ ಸೇರಿತು. ಎರಡು ದೇಶದವರೂ ತಮ್ಮದೇ ಮೊದಲು ಎನ್ನುತ್ತಾರೆ. ತೆಂಕು ಬಡಗು ಜಗಳ ಕಂಡ ನನಗೆ ಊರಿಗೆ ಬಂದಷ್ಟೇ ಹಿತವಾಯಿತು.

ಬ್ಯಾಂಕಾಕಿನ ಚೀನೀ ಪೇಟೆ ಯಾವೊರಾಟ್ ಕಡೆ ಚೀನೀ ಗುಡಿಗಳ ಎದುರು ರಾತ್ರಿ, ದಕ್ಷಿಣ ಚೀನಾ ಮೂಲದ ತಿಯೊಚ್ಯೂ ಜನರ ಆಟ ನಡೆಯುತ್ತದೆ, ಥಾಯ್ ಮಾತಿನಲ್ಲಿ "ಙಿವ್". ಅಲ್ಲಿ ಮುಖವಾಡವಿಲ್ಲ, ಬಣ್ಣವೇ. ಚೀನೀ ಆಟಗಳಲ್ಲಿ ಕೆಂಪು ಮುಖವೆಂದರೆ ನಿಷ್ಠಾವಂತ, ಬಿಳಿ ಮುಖವೆಂದರೆ ಕಪಟಿ. ಖೋನ್‌ನ ಬಿಳಿ ಹನುಮಂತನನ್ನು ಚೀನೀ ಕಣ್ಣಿನಿಂದ ನೋಡಿದರೆ ಕಥೆಯೇ ತಲೆಕೆಳಗು. ನಾನು ಹೋದ ದಿನ ಜನ ಕಡಿಮೆ. ಮುಂದಿನ ಸಾಲಿನ ಕುರ್ಚಿಗಳನ್ನು ದೇವರಿಗೆಂದು ಖಾಲಿ ಬಿಟ್ಟಿದ್ದರು. ಹಿಂದೆ ನಾನು, ಇಬ್ಬರು ಅಜ್ಜಂದಿರು, ಒಂದು ನಾಯಿ.

ಗಂಡಭೇರುಂಡ

ಸರಿ, ಮಂಟಪದ ಮಾತು ಒಪ್ಪಿದೆ. ಆದರೆ ಚೀನೀ ಕೈಯ ಕೆಲಸದ ಮೇಲೆ ಭಾರತೀಯ ಹೆಸರಿನದ್ದು ಒಂದಾದರೂ ಇದೆಯೇ, ಅಥವಾ ತಟ್ಟೆ ಒಡೆದು ಅಂಟಿಸಿದ್ದಷ್ಟೇ ಇವರ ಸ್ನೇಹವೇ?

ಸುವರ್ಣಭೂಮಿ ವಾಸಿ

ಇದೆ, ಅದೂ ಒಡೆಯದ್ದು. "ಬೆಂಜರೋಂಗ್". ಬಿಡಿಸಿ ಓದಿ: ಪಂಚರಂಗ! ಐದು ಬಣ್ಣದ ಪಿಂಗಾಣಿ. ಸಯಾಮಿನ ಆಸ್ಥಾನದಿಂದ ಚಿತ್ತಾರ ಹೋಗುತ್ತಿತ್ತು, ಚೀನಾದ ಕುಲುಮೆಗಳಲ್ಲಿ ಬಟ್ಟಲು ಸುಟ್ಟು ಬಣ್ಣ ಹಾಕಿ ಕಳಿಸುತ್ತಿದ್ದರು. ಚೀನೀಯರು ತಮ್ಮ ಪಿಂಗಾಣಿಯಲ್ಲಿ ಬಿಳಿಯ ಜಾಗವನ್ನು ಉಸಿರಾಡಲು ಬಿಡುತ್ತಾರೆ. ಥಾಯ್ ಅರಸರಿಗೆ ಬೇಕಾದದ್ದು ಸಾಸಿವೆಕಾಳಿನಷ್ಟು ಜಾಗವೂ ಬಿಡದ ಚಿತ್ತಾರ. ನಡುವೆ ಕೈ ಮುಗಿದು ಕುಳಿತ ದೇವತೆ, "ತೆಪ್ಪನೊಮ್". ವಸ್ತುಸಂಗ್ರಹಾಲಯದ ಕೆಲವು ಹಳೆಯ ಬಟ್ಟಲುಗಳಲ್ಲಿ ಆ ದೇವತೆಯ ಮುಖಕ್ಕೆ ಚೀನೀ ಕಳೆ ಬಂದುಬಿಟ್ಟಿದೆ. ಬರೆದವನು ಸಯಾಮನ್ನು ಕಂಡವನಲ್ಲ. ಅವನಿಗೆ ಗೊತ್ತಿದ್ದ ಮುಖ ಬರೆದ. ನನಗೆ ಅಂಥ ಬಟ್ಟಲೇ ಹೆಚ್ಚು ಇಷ್ಟ. ತಟ್ಟೆ ಅವರ ಮೂಲ ಪ್ರಶ್ನೆಗೂ ನನ್ನಲ್ಲಿರುವ ಉತ್ತರ ಅದೊಂದೇ: ಆ ಬಟ್ಟಲನ್ನು ಎರಡಾಗಿ ಸೀಳಿ ಇದು ಥಾಯ್, ಇದು ಚೀನೀ ಎಂದು ಕೊಡಲು ನನ್ನಿಂದ ಆಗದು.

ತಟ್ಟೆ ಎಣಿಸಿದವಳು

ಸೀಳುವುದು ಬೇಡ, ಸೀಳಿದ್ದನ್ನು ಈಗಾಗಲೇ ಗೋಪುರಕ್ಕೆ ಅಂಟಿಸಿದ್ದಾರೆ. ಫೋಟೊಗಳನ್ನು ದೊಡ್ಡದು ಮಾಡಿ ನೋಡುತ್ತ ಕೂತಿದ್ದೆ. ಅರ್ಧ ಹಕ್ಕಿಯ ಉಳಿದರ್ಧ ಸಿಕ್ಕಲಿಲ್ಲ. ಬದಲಿಗೆ ಬೇರೊಂದು ಹಕ್ಕಿಯ ಬಾಲ ಸಿಕ್ಕಿತು.

ಮಲೆನಾಡ ಉಳಿ

ನಿನ್ನೆ ರಾತ್ರಿ ಆ ಮೂರಕ್ಕೆ ಎರಡರ ಲೆಕ್ಕ ತಲೆಯಲ್ಲಿ ಕೊರೆಯುತ್ತಿತ್ತು. ಬೆಳಿಗ್ಗೆ ಮಗನನ್ನು ಏಣಿ ಹತ್ತಿಸಿ ಅಜ್ಜನ ಕಾಲದ ನಡುಮನೆಯ ತೊಲೆ ಅಳೆಸಿದೆ. ಎತ್ತರ ಒಂಬತ್ತು ಇಂಚು, ಅಗಲ ಆರು!

ಇತಿಹಾಸದ ಹುಚ್ಚ

ಉಳಿದ ತೊಲೆಗಳು?

ಮಲೆನಾಡ ಉಳಿ

ಒಂದು ಎಂಟಕ್ಕೆ ಏಳು. ಇನ್ನೊಂದು ಒಂದು ತುದಿಯಲ್ಲಿ ಒಂಬತ್ತು, ಇನ್ನೊಂದು ತುದಿಯಲ್ಲಿ ಎಂಟೂವರೆ. ಮರ ಹೇಗೆ ಸಿಕ್ಕಿತೋ ಹಾಗೆ. ಅಜ್ಜನಿಗೆ ಲಿ ಜಿಯೆಯ ಕಾಟ ಇರಲಿಲ್ಲ.